ಚಂದ್ರಿಯ ಗಿಣ್ಣ

ಜುಗೂಳ,
ಭಾದ್ರಪದ, 1999

ನನ್ನ ಮುದ್ದು ಮಗಳು ಲಗಮವ್ವನಿಗೆ,

ಈ ಕಥೆಯನ್ನು ಮೊದಲು ಹೇಳಿದವರು ನಿನ್ನ ದೊಡ್ಡಪ್ಪ ಹಾಲಸಿದ್ದ. 1980ರ ದೀಪಾವಳಿ ಕಳೆದ ಮೇಲೆ, ನಿನ್ನನ್ನು ತೊಟ್ಟಿಲಿಗೆ ಹಾಕಿದ ದಿನದ ಸಂಜೆ, ನಮ್ಮ ಪಡಸಾಲೆಯಲ್ಲಿ ಓಣಿಯವರೆಲ್ಲ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಹೇಳಿದರು. ಅವರು ಹೇಳಿದ್ದು ನಗುವ ಕಥೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಒಳಮನೆಯಲ್ಲಿ ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳುತ್ತಿದ್ದೆ. ನನಗೆ ನಗು ಬರಲಿಲ್ಲ. ಅವರ ಕಥೆಯಲ್ಲಿ ಒಂದು ಭಾಗ ಇರಲಿಲ್ಲ. ಅದು ನನ್ನ ಹತ್ತಿರವೇ ಉಳಿದುಬಿಟ್ಟಿತ್ತು.

ಈಹೊತ್ತು ಅಳಿಯ ಜ್ಞಾನದೇವ ಬಂದರು. ಕಾಗವಾಡಕ್ಕೆ ಟಗರು ನೋಡಲು ಬಂದವರು ಹಾಗೇ ಇಲ್ಲಿಗೂ ಬಂದು, ನೀರು ಕುಡಿದು, ಆಮೇಲೆ ಕೇಳಿದರು: "ಅತ್ತಿ, ನಮ್ಮ ಎಮ್ಮಿ ಈದೈತ್ರಿ. ಅವ್ವ ಗಿಣ್ಣ ಮಾಡಿ ಮುಂದ ಇಟ್ರ ಲಗಮಿ ಕೈಲೆ ಮುಟ್ಟಲಿಲ್ಲ. 'ಯಾಕವಾ, ನಮ್ಮ ಮನಿ ಗಿಣ್ಣಕ್ಕ ಹುಳ ಬಿದ್ದಾವೇನ?' ಅಂತ ಅವ್ವ ಸಿಟ್ಟಿಗೆದ್ಲು. ಇಕಿ, 'ನಮ್ಮವ್ವ ತಿನಬ್ಯಾಡ ಅಂದಾಳ' ಅಂತಾಳ. ಯಾಕ ಅಂದ್ರ ನನಗೂ ಗೊತ್ತಿಲ್ಲ ಅಂತಾಳ. ಯಾಕ್ರಿ ಅತ್ತಿ?"

"ಹೊಳಿಗೆ ಹೋಗಿ ಮೈ ತೊಳ್ಕೊಂಡ ಬರ್ರಿ, ರೊಟ್ಟಿ ಬಡೀತೇನಿ" ಎಂದು ಕಳಿಸಿದೆ. ರೊಟ್ಟಿ ಬಡಿಯುವುದನ್ನು ಬಿಟ್ಟು ಇದನ್ನು ಬರೆಯಲು ಕೂತಿದ್ದೇನೆ. ನೀನು ಈಗ ಆರು ತಿಂಗಳ ಬಸುರಿ. ನಿನ್ನ ಮುಂದೆ ಗಿಣ್ಣದ ಬಟ್ಟಲು. ಇದನ್ನು ಕೇಳಿದಾಗಿನಿಂದ ನನ್ನ ಎಡಗೈಯ ತೋರುಬೆರಳು, ಅದೇ ಹಳೆಯ ಗಾಯದ ಜಾಗ, ಝುಮುಝುಮು ಅನ್ನುತ್ತಿದೆ.

ಆ ವರ್ಷ ನಾನೂ ಬಸುರಿ. ಏಳು ತಿಂಗಳು. ಹೊಟ್ಟೆಯಲ್ಲಿದ್ದವಳು ನೀನು. ಮಳೆಗಾಲದಲ್ಲಿ ಕುರಿಯ ಕಾಲು ಕೊಳೆಯುತ್ತವೆ ಎಂದು ನಿಮ್ಮಪ್ಪ ಮಂದೆ ಹೊಡೆದುಕೊಂಡು ಅನಂತಪುರದ ಆಚೆಯ ಒಣ ಸೀಮೆಗೆ ಹೋಗಿದ್ದರು. ಮನೆಯಲ್ಲಿ ನಾನು, ನಿನ್ನ ಅಜ್ಜಿ, ಅಂದರೆ ನನ್ನ ಅತ್ತೆ ಸತ್ತೆವ್ವ, ನಿನ್ನ ದೊಡ್ಡಪ್ಪ. ಮತ್ತೆ ಚಂದ್ರಿ. ಹಣೆಯ ಮೇಲೆ ಬಿಳಿಯ ಮಚ್ಚೆ ಇದ್ದ ಎಮ್ಮೆ, ಅದಕ್ಕೇ ಆ ಹೆಸರು.

ಶ್ರಾವಣದಲ್ಲಿ ಹೊಳೆ ತುಂಬಿ ಬಂದು ಇಳಿದಿತ್ತು. ನೀರು ಇಳಿದ ಕಡೆ ಎಳೆಯ ಹುಲ್ಲು ಎದ್ದಿತ್ತು ನೋಡು, ಮೊಣಕಾಲುದ್ದ, ಹಿಂಡಿದರೆ ನೀರು ಬರುವಂಥದ್ದು. ಪಕ್ಕದ ಹೊಲದ ರಾವಸಾಹೇಬರ ಕಬ್ಬಿನ ಬದುವಿನಲ್ಲಂತೂ ಸರಕಾರಿ ಯೂರಿಯಾ ಗೊಬ್ಬರ ತಿಂದ ಹುಲ್ಲು ಕಪ್ಪಗೆ ಕಾಣುತ್ತಿತ್ತು. ಚಂದ್ರಿ ಈದ ದಿನದಿಂದ ಅತ್ತೆ ಅದಕ್ಕೆ ಹಸಿರು ಬಿಟ್ಟು ಬೇರೆ ಹಾಕಲೇ ಇಲ್ಲ. ಜೋಳದ ಒಣ ಕಣಿಕೆ ಬಣವೆಯಲ್ಲೇ ಉಳಿಯಿತು. ಶೇಂಗಾ ಹಿಂಡಿಯ ಚೀಲದ ಬಾಯಿ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. "ಹಸರ ಇರಾಗ ಒಣಾ ಯಾಕ ಹಾಕಬೇಕ? ಹಸರ ತಿಂದ್ರ ಹಾಲ ಇಳೀತೈತಿ" ಎಂದರು. ನಮ್ಮ ಓಣಿಯಲ್ಲಿ ಎಲ್ಲರೂ ಹೀಗೇ ಮಾಡುತ್ತಿದ್ದರು. ಹಾಲೂ ಇಳಿಯಿತು. ಅಷ್ಟು ಹಾಲು ಆ ಎಮ್ಮೆ ಎಂದೂ ಕೊಟ್ಟಿರಲಿಲ್ಲ.

ಗಿಣ್ಣವನ್ನು ಒಬ್ಬರೇ ತಿನ್ನಬಾರದು ಎಂಬುದು ನಮ್ಮ ಮನೆಯ ಪದ್ಧತಿ. ದೇವರಿಗೆ ಇಟ್ಟು, ಆಮೇಲೆ ಓಣಿಯ ಒಂದು ಮನೆಯನ್ನೂ ಬಿಡದೆ ಹಂಚಬೇಕು. ನಾನೇ ತಲೆಯ ಮೇಲೆ ಸೆರಗು ಹೊದ್ದುಕೊಂಡು ಬೆಲ್ಲ ಯಾಲಕ್ಕಿ ಹಾಕಿ ಬೇಯಿಸಿದ ಗಿಣ್ಣ ಹಂಚಿ ಬಂದೆ. ಎದುರು ಮನೆಯ ಕೆಂಚವ್ವ ಬಟ್ಟಲು ನೆಕ್ಕಿ, "ಹಿಂತಾ ಗಿಣ್ಣ ತಿಂದ್ರ ಮುದಕಿ ನಾನೂ ಇನ್ನೊಮ್ಮಿ ಹಡೀತೇನಿ ಬಿಡ" ಎಂದು ನಗಿಸಿದಳು.

ಮರುದಿನ ಬೆಳಿಗ್ಗೆ ಅತ್ತೆ ಹಾಲು ಹಿಂಡಲು ಹೋದರು. ಚಂದ್ರಿ ಕಿವಿ ನೆಟ್ಟಗೆ ಮಾಡಿ, ಕಣ್ಣು ಪಿಳುಕಿಸದೆ ನಿಂತಿತ್ತು. ಮೈಯ ಚರ್ಮ ಅಲ್ಲಲ್ಲಿ ಹಾರುತ್ತಿತ್ತು. ಅತ್ತೆಯ ಕೈಯಿಂದ ತಂಬಿಗೆ ಜಾರಿ ಕಲ್ಲಿನ ಮೇಲೆ ಟಣ್ ಎಂದಿತು. ಅಷ್ಟೇ ಸಾಕಾಯಿತು. ಎಮ್ಮೆ ನೆಲ ಬಿಟ್ಟು ನೆಗೆಯಿತು, ಹಗ್ಗ ಹರಿಯಿತು, ಒದರುತ್ತಾ ಓಣಿಯಲ್ಲಿ ಓಡಿ ಕೆಂಚವ್ವನ ಗೋಡೆಗೆ ಡಿಕ್ಕಿ ಹೊಡೆದು ಬಿತ್ತು. ನಾಲ್ಕೂ ಕಾಲು ಈಜುವ ಹಾಗೆ ಬಡಿಯತೊಡಗಿದವು. ಹಲ್ಲು ಕಟಕಟ ಕಡಿಯುವ ಸಪ್ಪಳ. ಬಾಯಿ ತುಂಬ ನೊರೆ.

ಕಾಲು ಬಡಿಯುವುದು ಸ್ವಲ್ಪ ನಿಂತಾಗ ಅತ್ತೆ, "ಬೆಲ್ಲದ ನೀರ ಕುಡಸೂಣು, ಗೊಟ್ಟ ತಾ" ಎಂದು ಕೂಗಿದರು. ದನಕ್ಕೆ ಔಷಧಿ ಕುಡಿಸುವ ಆ ಬಿದಿರಿನ ಕೊಳವೆ ತಂದು, ನಾನು ಚಂದ್ರಿಯ ನಾಲಿಗೆಯನ್ನು ಎಡಗೈಯಿಂದ ಹಿಡಿದುಕೊಂಡೆ, ಅತ್ತೆ ಸುರಿದರು. ಮೊಣಕೈವರೆಗೆ ಜೊಲ್ಲು. ಹಿಂದಿನ ದಿನವೇ ಹುಲ್ಲು ಕೊಯ್ಯುವಾಗ ಕುಡಗೋಲು ತಾಗಿ ಆ ಬೆರಳು ಸೀಳಿತ್ತು. ಗಡಿಬಿಡಿಯಲ್ಲಿ ನನಗೆ ಅದರ ನೆನಪೇ ಇರಲಿಲ್ಲ. ನೋಡಿದವಳು ಕೆಂಚವ್ವ.

"ಏ ಸಾವಕ್ಕಾ, ನಿನ್ನ ಬೆರಳಿಗೆ ಗಾಯ ಆಗೇತೆಲ್ಲ ಬೇ! ಅದರ ಬಾಯಾಗ ಕೈ ಹಾಕೀದಿ!" ಎಂದಳು. ಆಮೇಲೆ ಅವಳ ದನಿ ಸಣ್ಣದಾಯಿತು. "ಆಷಾಢದಾಗ ಹುಚ್ಚನಾಯಿ ಬಂದಿತ್ತಲ್ಲ... ರಾವಸಾಹೇಬರ ಎತ್ತ ಹಿಂಗ ನೊರಿ ಕಾರಿ ಸತ್ತಿತ್ತಲ್ಲ..."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ಹೊಟ್ಟೆಯಲ್ಲೂ ನಮ್ಮ ಗಿಣ್ಣ. ನಾನು ನನ್ನ ಕೈ ನೋಡಿಕೊಂಡೆ. ಜೊಲ್ಲಿನ ನಡುವೆ ಒಂದು ಸಣ್ಣ ಕೆಂಪು ಗೆರೆ. ಅದೇ ಗಳಿಗೆಗೆ ನೀನು ಹೊಟ್ಟೆಯಲ್ಲಿ ಹೊರಳಿದೆ.

ಕಾಗವಾಡದಿಂದ ದನದ ಡಾಕ್ಟರ್ ಶಾಂತಿನಾಥ ಬಂದರು. ಎಮ್ಮೆಯನ್ನು ನೋಡಿ, ಏನು ತಿನ್ನಿಸಿದಿರಿ ಎಂದು ಕೇಳಿದರು. ನಾಯಿ ಕಡಿದಿತ್ತೇ ಎಂದರು, ಯಾರೂ ಕಂಡಿರಲಿಲ್ಲ. ಕೊನೆಗೆ, ಬಾಯಲ್ಲಿ ಯಾರು ಕೈ ಹಾಕಿದ್ದು ಎಂದರು. ಎಲ್ಲರೂ ನನ್ನ ಕಡೆ ನೋಡಿದರು. "ಕೈ ತೋರಸ್ರಿ ತಂಗಿ" ಎಂದು, ತಾವೇ ಸಾಬೂನು ಹಚ್ಚಿ ಆ ಬೆರಳನ್ನು ಎಷ್ಟೋ ಹೊತ್ತು ತೊಳೆದರು. ಅಷ್ಟು ಹೊತ್ತು ತೊಳೆದದ್ದೇ ನನ್ನನ್ನು ಹೆಚ್ಚು ಹೆದರಿಸಿತು.

ಓಣಿಯವರಿಗೆ ಅವರು ಹೇಳಿದ್ದು ಇಷ್ಟು: "ನೀವು ತಿಂದದ್ದು ಬೇಯಿಸಿದ ಗಿಣ್ಣ, ಅದಕ್ಕ ಅಂಜಬ್ಯಾಡ್ರಿ. ಆದ್ರ ಈ ತಂಗಿ ಮಾತ ಬ್ಯಾರೆ. ಹುಚ್ಚ ಇದ್ರೂ ಎಮ್ಮಿ ಹಿಂಗ ಮಾಡತೈತಿ. ಮೈಯಾಗಿನ ಸತ್ವ ಇಳದ್ರೂ ಹಿಂಗ ಮಾಡತೈತಿ. ಕಣ್ಣಿಲೆ ನೋಡಿ ಹೇಳಾಕ ಬರಾಂಗಿಲ್ಲ. ರಕ್ತ ಹೇಳಬೇಕು."

ಚಂದ್ರಿಯ ಕುತ್ತಿಗೆಯ ನರದಿಂದ ಒಂದು ಗಾಜಿನ ಕೊಳವೆಯಲ್ಲಿ ರಕ್ತ ತೆಗೆದರು. ಆಮೇಲೆ ಕ್ಯಾಲ್ಸಿಯಂ ಬಾಟಲಿ ಏರಿಸಿದರು. ಎಮ್ಮೆ ಎದ್ದು ನಿಂತಿತು. ಓಣಿಗೆಲ್ಲ ಉಸಿರು ಬಂತು. ಸಂಜೆಗೆ ಮತ್ತೆ ಬಿತ್ತು.

ಆ ರಕ್ತ ಮಿರಜದ ಪ್ರಯೋಗಶಾಲೆಗೆ ಹೋಗಬೇಕಿತ್ತು. ದಿನಾ ಓಣಿಯ ಹಾಲಿನ ಕ್ಯಾನು ಹೊತ್ತುಕೊಂಡು ಮಿರಜದ ಖೋವಾ ಅಂಗಡಿಗೆ ಹೋಗುತ್ತಿದ್ದವರು ನಿನ್ನ ದೊಡ್ಡಪ್ಪ. ಅವರಿಗೇ ಕೊಟ್ಟು, "ತಂಪಾಗಿ ಇಟ್ಕೊಂಡ ಹೋಗ್ರಿ" ಎಂದರು ಡಾಕ್ಟರ್. ನಗುವ ಕಥೆ ಶುರುವಾಗುವುದೇ ಇಲ್ಲಿಂದ. ಹಾಲನ್ನು ಹೇಗೆ ಕೆಡದಂತೆ ಒಯ್ಯಬೇಕೆಂದು ಬಲ್ಲ ಮನುಷ್ಯ, ರಕ್ತವನ್ನೂ ಹಾಗೇ ಒಯ್ದರು. ಕಾಗವಾಡದಲ್ಲಿ ಬಸ್ಸು ನಿಂತಾಗ ಇಳಿದು, ಐಸ್‌ಕಾಂಡಿ ಅಂಗಡಿಯಿಂದ ಬರ್ಫ ಕೊಂಡು, ಇನ್ನಷ್ಟು ತಂಪಾಗಲೆಂದು ಅದಕ್ಕೆ ಹಿಡಿ ಉಪ್ಪು ಬೆರೆಸಿ, ಕೊಳವೆಯನ್ನು ಅದರೊಳಗೆ ಹುಗಿದರು. ಮಿರಜ ಮುಟ್ಟುವಷ್ಟರಲ್ಲಿ ರಕ್ತ ಗಟ್ಟಿ ಕಾಂಡಿಯಾಗಿತ್ತು.

ಪ್ರಯೋಗಶಾಲೆಯವನು ಅದನ್ನು ಎತ್ತಿ ಹಿಡಿದು ನೋಡಿ, "ಕಾಯ್ ಹೋ ಮಾಮಾ, ಹೇ ರಕ್ತ ಕಿ ಸರ್‌ಬತ್?" ಎಂದನಂತೆ ಮರಾಠಿಯಲ್ಲಿ, ಇದು ರಕ್ತವೋ ಶರಬತ್ತೋ ಎಂದು. ಇಲ್ಲಿಗೆ ಬಂದಾಗ ಓಣಿಯವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಆದರೆ ಅವನು ಮುಂದೆ ಹೇಳಿದ್ದನ್ನು ನಿನ್ನ ದೊಡ್ಡಪ್ಪ ಸಣ್ಣ ದನಿಯಲ್ಲಿ ನನಗೆ ಹೇಳಿದರು. ಬರ್ಫದ ಹಾಗೆ ಗಟ್ಟಿಯಾದರೆ ರಕ್ತದ ಕಣಗಳು ಒಡೆಯುತ್ತವೆ. ನಾವು ನೋಡಬೇಕಾದ ಸತ್ವ ಕಣಗಳ ಹೊರಗಿನ ತಿಳಿನೀರಿನಲ್ಲಿ ಎಷ್ಟಿದೆ ಎಂಬುದು ಮುಖ್ಯ. ಕಣದ ಒಳಗೆ ಅದು ಹೆಚ್ಚಿರುತ್ತದೆ. ಒಡೆದು ಎಲ್ಲಾ ಬೆರೆತರೆ, ಕಡಿಮೆ ಇದ್ದದ್ದೂ ಸರಿಯಾಗಿದೆ ಎಂದು ಸುಳ್ಳು ಲೆಕ್ಕ ಬರುತ್ತದೆ. ಅಳೆಯುವುದಿಲ್ಲ, ಬೇರೆ ತನ್ನಿ ಎಂದು ಕಳಿಸಿದ.

ಯೋಚನೆ ಮಾಡು. ಅವನು ಕಣ್ಣುಮುಚ್ಚಿ ಅಳೆದಿದ್ದರೆ? ಸತ್ವ ಸರಿಯಿದೆ ಎಂದು ಚೀಟಿ ಬರುತ್ತಿತ್ತು. ಹಾಗಾದರೆ ಇದು ಹುಚ್ಚೇ ಎಂದು ಎಲ್ಲರೂ ಅನ್ನುತ್ತಿದ್ದರು.

ಅಷ್ಟರಲ್ಲಿ ಇಲ್ಲಿ ನನ್ನನ್ನು ಮನುಷ್ಯರ ಡಾಕ್ಟರ ಹತ್ತಿರ ಕರೆದೊಯ್ದಿದ್ದರು. ಆಗ ಹುಚ್ಚುನಾಯಿಯ ವಿಷಕ್ಕೆ ಸೂಜಿ ಹಾಕುತ್ತಿದ್ದುದು ಹೊಟ್ಟೆಗೆ, ಹೊಕ್ಕಳಿನ ಸುತ್ತ, ದಿನಾ ಒಂದರಂತೆ. ಅವರು ನನ್ನ ಹೊಟ್ಟೆಯನ್ನೂ ಕೈಯನ್ನೂ ನೋಡಿ ಹೇಳಿದರು: "ಎಮ್ಮಿಗೆ ಹುಚ್ಚ ಅಂದ್ರ ಸೂಜಿ ತಗೊಳ್ಳಾಕ ಬೇಕು, ತಪ್ಪಿಸಿದ್ರ ನೀವು ಉಳಿಯಂಗಿಲ್ಲ. ಆದ್ರ ಕೂಸಿನ ಮಾತ ನಾ ಹೇಳಲಾರೆ. ನಾಳೆ ಸಂಜಿತನಕ ನೋಡ್ರಿ, ಆಮ್ಯಾಲ ತಡಾ ಮಾಡಬ್ಯಾಡ್ರಿ." ಆ ಸೂಜಿ ತೆಗೆದುಕೊಂಡು ಕಾಲು ಸೋತು ಹಾಸಿಗೆ ಹಿಡಿದವರ ಸುದ್ದಿ ನಾವೂ ಕೇಳಿದ್ದೆವು. ಅತ್ತೆ ದಾರಿಯುದ್ದಕ್ಕೂ ಒಂದೇ ಮಾತು: "ಹೊಕ್ಕಳದ ಸುತ್ತ ಚುಚ್ಚಿದ್ರ ಕೂಸಿಗೆ ತಾಗಾಂಗಿಲ್ಲೇನ?"

ನಿನ್ನ ದೊಡ್ಡಪ್ಪನ ಕಥೆಯಲ್ಲಿ ಇಲ್ಲದ ಭಾಗ ಇದು, ಲಗಮಿ. ಹುಚ್ಚು ಹತ್ತಿದವರು ನೀರಿಗೆ ಅಂಜುತ್ತಾರೆ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಮನೆಗೆ ಬಂದು ಬಾಯಾರಿಕೆಯಾಗಿ ನೀರಿನ ತಂಬಿಗೆ ಎತ್ತಿದೆ. ತಂಬಿಗೆಯೊಳಗೆ ನೀರು ಅಲುಗಾಡಿತು. ನನ್ನ ಗಂಟಲು ಹಿಡಿದುಕೊಂಡಿತು. ಅದು ರೋಗವೋ, ರೋಗದ ಅಂಜಿಕೆಯೋ ನನಗೆ ಹೇಗೆ ತಿಳಿಯಬೇಕು? ತಂಬಿಗೆ ಕೆಳಗಿಟ್ಟೆ. ಮತ್ತೆ ಎತ್ತಿದೆ. ಮತ್ತೆ ಇಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ಆಮೇಲೆ ನನಗೆ ಊಟಕ್ಕೆ ಬೇರೆ ತಾಟು ಬಂತು.

ನೀನು ಹೊಟ್ಟೆಯಲ್ಲಿ ಸುಮ್ಮನಿದ್ದರೆ ಸತ್ತೆಯೇನೋ ಎಂದು ಅಂಜಿಕೆ. ಒದ್ದರೆ, ಚಂದ್ರಿ ಕಾಲು ಬಡಿದ ಹಾಗೆ ಬಡಿಯುತ್ತಿದ್ದೀಯೇನೋ ಎಂದು ಅಂಜಿಕೆ. ಸೂಜಿ ತೆಗೆದುಕೊಂಡರೆ ನೀನು ಹೋಗುತ್ತೀಯ, ಇಲ್ಲದಿದ್ದರೆ ಇಬ್ಬರೂ ಹೋಗುತ್ತೇವೆ. ಹೊರಗೆ ಓಣಿಯಲ್ಲಿ ಕೆಂಚವ್ವ ಉಳಿದ ಗಿಣ್ಣವನ್ನು ತಿಪ್ಪೆಯಲ್ಲಿ ಹುಗಿಯುತ್ತಾ, ಎಲ್ಲರಿಗೂ ಕೇಳುವಂತೆ, "ಇವರ ಮನಿ ಗಿಣ್ಣ ತಿಂದ ಇನ್ನ ನಾವ ಬೊಗಳಾಡೂದ ಒಂದ ಉಳದೈತಿ" ಎನ್ನುತ್ತಿದ್ದಳು. ಸಾಯುವುದಕ್ಕಿಂತ ಬೊಗಳುವುದಕ್ಕೇ ನಾನು ಹೆಚ್ಚು ಅಂಜಿದ್ದೆ. ನಿನ್ನ ಮುಂದೆ ಸುಳ್ಳು ಯಾಕೆ ಹೇಳಲಿ?

ಡಾಕ್ಟರ್ ಶಾಂತಿನಾಥ ಸುದ್ದಿ ತಿಳಿದು ನಸುಕಿನಲ್ಲೇ ಮತ್ತೆ ಬಂದರು. ಬಯ್ಯಲಿಲ್ಲ. ಈ ಸಲ ರಕ್ತ ತೆಗೆದು ಕೊಳವೆಯನ್ನು ಗೋಡೆಯ ಮಾಡದಲ್ಲಿ ನೆಟ್ಟಗೆ ನಿಲ್ಲಿಸಿ, ನಿನ್ನ ದೊಡ್ಡಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಹಾಲಸಿದ್ದ, ಇದು ಹಾಲಲ್ಲ, ಮೊಸರ ಅಂತ ತಿಳೀರಿ. ಹೆಪ್ಪಾಗಲಿ. ಅಲ್ಲಾಡಸಬ್ಯಾಡ್ರಿ. ಮ್ಯಾಲ ತಿಳಿನೀರ ನಿಂದರತೈತಲ್ಲ, ನಮಗ ಬೇಕಾದದ್ದು ಅದು." ಕೆಂಪು ಗಡ್ಡೆ ಕೆಳಗೆ ಕೂತಿತು. ಮೇಲೆ ಹುಲ್ಲಿನ ಬಣ್ಣದ ನೀರು ನಿಂತಿತು. ಅದನ್ನಷ್ಟೇ ಬೇರೆ ಶೀಶೆಗೆ ಬಗ್ಗಿಸಿದರು. ನಿನ್ನ ದೊಡ್ಡಪ್ಪ ಶೀಶೆಯನ್ನು ತಲೆಯ ಪಟಗದ ಮಡಿಕೆಯಲ್ಲಿಟ್ಟು ಸುತ್ತಿಕೊಂಡು, ಬಸ್ಸಿನಲ್ಲಿ ಕೂರದೆ, ಮಿರಜದವರೆಗೂ ನಿಂತೇ ಹೋದರು.

ನಾವು ಕಾದೆವು. ಚಂದ್ರಿ ಅಡ್ಡಬಿದ್ದೇ ಇತ್ತು. ಅದರ ಕಣ್ಣಿಗೆ ಬೆಳಕು ಬೀಳದಂತೆ ಗೋಣಿ ಹೊದಿಸಿ, ಓಣಿಯಲ್ಲಿ ಸಪ್ಪಳ ಮಾಡಬೇಡಿರೆಂದು ಹೇಳಿದ್ದರು. ಕೆಂಚವ್ವ ಕೂಡ ಒನಕೆ ಹಿಡಿಯಲಿಲ್ಲ. ಮಧ್ಯಾಹ್ನ ಕಳೆಯಿತು. ಬಿಸಿಲು ಇಳಿಯತೊಡಗಿದಾಗ ಅತ್ತೆ ಎದ್ದು, ನನ್ನ ಒಳ್ಳೆಯ ಸೀರೆ ತೆಗೆದು ಹಾಸಿಗೆಯ ಮೇಲಿಟ್ಟರು. ಸೂಜಿಗೆ ಹೋಗುವ ತಯಾರಿ. ನಾನು ಸೀರೆ ಉಟ್ಟೆ. ನೆರಿಗೆ ಸಿಕ್ಕಿಸುವಾಗ ಹೊಕ್ಕಳ ಮೇಲೆ ಕೈಯಿಟ್ಟು ನಿನಗೆ ಹೇಳಿದೆ, "ಸರದ ಕುಂಡರ ಮಗಳ, ಒಂದ ಬದಿಗೆ ಸರದ ಕುಂಡರ." ನೀನು ಮಗಳೇ ಎಂದು ನನಗೆ ಹೇಗೆ ಗೊತ್ತಿತ್ತೋ.

ಹೊಸಿಲು ದಾಟುವಾಗ ನಿನ್ನ ದೊಡ್ಡಪ್ಪ ಓಡಿ ಬರುವುದು ಕಾಣಿಸಿತು. ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಮಿರಜದಿಂದ ತಂದ ಔಷಧಿಯ ಬಾಟಲಿ.

ಪ್ರಯೋಗಶಾಲೆಯವನು ಎರಡು ಕೊಳವೆ ತೋರಿಸಿದನಂತೆ. ಹಳದಿ ಬಣ್ಣದ ಔಷಧಿ ಹಾಕಿದರೆ, ಮೆಗ್ನೀಸಿಯಂ ಎಂಬ ಸತ್ವ ಇದ್ದಷ್ಟೂ ನೀರು ಕೆಂಪೇರುತ್ತದೆ. ಗಟ್ಟಿಮುಟ್ಟಾದ ಎಮ್ಮೆಯದು ಕುಂಕುಮದ ನೀರಿನ ಹಾಗಿತ್ತು. ನಮ್ಮ ಚಂದ್ರಿಯದು ಹಳದಿಯಾಗಿಯೇ ಉಳಿಯಿತು, ಎಲ್ಲೋ ಒಂದು ಚೂರು ನಸುಗೆಂಪು. ಎರಡರ ಮೇಲೆ ಇರಬೇಕಾದ ಲೆಕ್ಕ ಒಂದಕ್ಕೂ ಕಡಿಮೆ. ಹಿಂದೆಯೇ ಬಂದ ಡಾಕ್ಟರ್ ಶಾಂತಿನಾಥ ಚೀಟಿ ಓದಿದರು, ಇನ್ನೊಮ್ಮೆ ಓದಿದರು. ಆ ಸತ್ವದ ಬಾಟಲಿಯನ್ನು ಎಮ್ಮೆಯ ಎದೆಗೆ ಕಿವಿಗೊಟ್ಟು ಕೇಳುತ್ತಾ ಹನಿಹನಿಯಾಗಿ ಏರಿಸಿದರು. ನಾನು ಸೀರೆ ಉಟ್ಟುಕೊಂಡೇ ನಿಂತಿದ್ದೆ.

ಮೊದಲು ಹಲ್ಲು ಕಡಿಯುವುದು ನಿಂತಿತು. ಆಮೇಲೆ ಕಾಲು ಸಡಿಲವಾದವು. ಬಹಳ ಹೊತ್ತಿನ ಮೇಲೆ ಚಂದ್ರಿ ಮುಂಗಾಲು ಮಡಿಸಿ ಎದ್ದು ಕೂತಿತು. ಗೋಣು ಚಾಚಿ ಬಣವೆಯಿಂದ ಉದುರಿದ್ದ ಒಣ ಕಣಿಕೆಯ ತುಂಡೊಂದನ್ನು ಎಳೆದುಕೊಂಡಿತು. ಡಾಕ್ಟರ್ ಹೋಗಲಿಲ್ಲ. ಅದು ಮೆಲುಕು ಹಾಕುವ ತನಕ ಕಾದರು. ಆಮೇಲೆ ನನ್ನ ಕಡೆ ತಿರುಗಿ ಅಂದರು, "ತಂಗಿ, ಹುಚ್ಚ ಹಿಡಿದ ಎಮ್ಮಿ ಬಾಟಲಿಗೆ ಏಳಾಂಗಿಲ್ಲ, ಮೆಲಕ ಹಾಕಾಂಗಿಲ್ಲ. ಸೂಜಿ ಬ್ಯಾಡ. ಸೀರಿ ಬಿಚ್ಚಿ ಮಡಿಸಿಡ್ರಿ."

ನಾನು ಒಳಗೆ ಹೋಗಿ ಸೀರೆ ಬಿಚ್ಚಿ ಮಡಿಸಿದೆ.

ಅತ್ತೆಗೆ ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಸತ್ತೆವ್ವಾ, ಸುಣ್ಣದ ಸತ್ವ ಎಲುಬಿನಾಗ ಕೂಡಿಟ್ಟಿರತೈತಿ, ಬೇಕಾದಾಗ ಮೈ ತಗೋತೈತಿ. ಇದು ಹಂಗಲ್ಲ. ದಿನಾ ತಿನ್ನಬೇಕ, ದಿನಾ ಹಾಲಿನಾಗ ಹೋಗತೈತಿ. ಗೊಬ್ಬರ ತಿಂದ ಎಳೀ ಹುಲ್ಲಿನಾಗ ನೀರ ಭಾಳ, ಈ ಸತ್ವ ಮೈಗೆ ಹತ್ತಾಂಗಿಲ್ಲ. ಮೊದಲ ಒಣಾ ಕಣಕಿ, ಹಿಂಡಿ. ಆಮ್ಯಾಲ ಹಸರ." ಅತ್ತೆ ಕೇಳಿದರು: "ಅದರ ಹೆಸರ ಏನಂದ್ರಿ? ನನ್ನ ಬಾಯಾಗ ನಿಂದರವಲ್ದು." "ಹೆಸರ ಬ್ಯಾಡ, ಹಿಂಡಿ ಚೀಲದ ಬಾಯಿ ಬಿಚ್ಚರಿ" ಎಂದರು ಅವರು.

ಎಲ್ಲರ ಅಂಜಿಕೆ ಅವತ್ತಿಗೆ ಹೋಯಿತು. ನನ್ನದು ಹೋಗಲಿಲ್ಲ. ನೀನು ಹುಟ್ಟಿದಾಗ ಮೊದಲು ನಿನ್ನ ಬಾಯಿ ನೋಡಿದೆ, ನೊರೆ ಇದೆಯೇ ಎಂದು. ನಿದ್ದೆಯಲ್ಲಿ ನೀನು ಬೆಚ್ಚಿದರೆ ನಾನು ಎದ್ದು ಕೂರುತ್ತಿದ್ದೆ. ಮೊದಲ ಸಲ ನಿನ್ನ ತುಟಿಗೆ ನೀರಿನ ಒಳಲೆ ಹಿಡಿದ ದಿನ ಅರ್ಧ ನೀರು ನನ್ನ ಸೀರೆಯ ಮೇಲೆಯೇ ಚೆಲ್ಲಿತು. ನೀನು ಚಪ್ಪರಿಸಿ ಕುಡಿದು ಇನ್ನೂ ಬೇಕೆಂದು ಬಾಯಿ ತೆರೆದೆ. ಅವತ್ತು ನಾನು ಅತ್ತಷ್ಟು ಎಂದೂ ಅತ್ತಿಲ್ಲ. ಆದರೂ ನಿನಗೆ ಗಿಣ್ಣ ಮಾತ್ರ ಕೊಡಲಿಲ್ಲ. ಹಾಲು ಕೊಟ್ಟೆ, ಬೆಣ್ಣೆ ಕೊಟ್ಟೆ. ಯಾರಾದರೂ ಗಿಣ್ಣ ಕೊಟ್ಟರೆ ನಿನ್ನ ಕೈಯಿಂದ ಕಸಿದುಕೊಂಡೆ. ಯಾಕೆ ಎಂದು ಕೇಳಿದರೆ ಬೈದೆ. ಗಿಣ್ಣದಿಂದ ಏನೂ ಆಗಿರಲಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಅಂಜಿಕೆ ಕೇಳಬೇಕಲ್ಲ?

ಈಗ ನೀನೂ ಬಸುರಿ. ನನ್ನ ಅಂಜಿಕೆ ನಿನ್ನ ಹೊಟ್ಟೆಯ ಕೂಸಿಗೂ ಇಳಿಯಬಾರದು. ನಿಮ್ಮತ್ತೆ ಅಕ್ಕವ್ವನ ಹತ್ತಿರ ಹೋಗಿ, ಬಟ್ಟಲು ಕೇಳಿ ಇಸಿದುಕೋ. ಅವರ ಮುಂದೆಯೇ ಕೂತು ತಿನ್ನು. ಹಾಗೇ ಎಮ್ಮೆಗೆ ಒಣ ಮೇವು, ಹಿಂಡಿ ಹಾಕುತ್ತಿದ್ದಾರೋ ಇಲ್ಲವೋ ಮೆಲ್ಲಗೆ ನೋಡು. ಇಲ್ಲದಿದ್ದರೆ ಈ ಕಥೆ ಹೇಳು. ನೀನೂ ಅಷ್ಟೇ, ಜೋಳದ ರೊಟ್ಟಿ ಬಿಟ್ಟು ಬರೀ ಬಿಳಿ ಅನ್ನ ಉಣ್ಣಬೇಡ. ಗುರೆಳ್ಳು ಚಟ್ನಿ, ಮಡಕಿಕಾಳು, ಶೇಂಗಾ, ದಿನಾ ಏನಾದರೂ ಇರಲಿ. ಕೂಸು ಎಳೆದುಕೊಳ್ಳುವುದೂ ತಾಯಿ ದಿನಾ ತಿಂದದ್ದರಿಂದಲೇ.

ನಿನ್ನ ತೊಟ್ಟಿಲ ಸಂಜೆ ಕಥೆ ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರು ಎಂಬುದನ್ನು ಯಾರೂ ಹೇಳುವುದಿಲ್ಲ. ನಾನು ಕಿಟಕಿಯಿಂದ ನೋಡಿದೆ. ಓಣಿಯಲ್ಲಿ ಒಂದು ಎಮ್ಮೆಯನ್ನೂ ಹಸಿರಿಗೆ ಬಿಟ್ಟಿರಲಿಲ್ಲ. ಎಲ್ಲರ ಗೋದಲಿಯಲ್ಲೂ ಒಣ ಕಣಿಕೆ. ಸ್ವಲ್ಪ ಹೊತ್ತಿಗೆ ಕೆಂಚವ್ವ ಬಂದಳು. ಅವಳ ಎಮ್ಮೆಯೂ ಆ ವಾರ ಈದಿತ್ತು. ಸೆರಗಿನಡಿ ಮುಚ್ಚಿಕೊಂಡು ತಂದ ಗಿಣ್ಣದ ಬಟ್ಟಲನ್ನು ನನ್ನ ಮುಂದಿಟ್ಟು, ನನ್ನ ಮುಖ ನೋಡದೆ, "ತಿನ್ನ ಬೇ ಸಾವಕ್ಕಾ. ನಿಮ್ಮದ ನಾ ತಿಪ್ಪ್ಯಾಗ ಹಾಕೇನಿ, ನಮ್ಮದ ನೀ ಹಾಕಬ್ಯಾಡ" ಎಂದು ಹೊರಟು ಹೋದಳು. ನಾನು ಬೆರಳಲ್ಲಿ ಒಂದು ಚೂರು ತೆಗೆದೆ. ಬಾಯಿವರೆಗೆ ಕೈ ಏರಲಿಲ್ಲ. ಆ ಬಟ್ಟಲು ಚಂದ್ರಿಯ ಕರುವಿನ ಮುಂದೆ ಹೋಯಿತು. ಅದರ ನಂತರ ನಾನೂ ಗಿಣ್ಣ ತಿಂದಿಲ್ಲ, ಮಗಳೇ.

ಜ್ಞಾನದೇವ ಹೊಳೆಯಿಂದ ಬಂದರು, ರೊಟ್ಟಿ ಇನ್ನೂ ಬಡಿದಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ. ನೀನು ತಿಂದ ಮೇಲೆ, ಅದೇ ಬಟ್ಟಲಿನದು ಒಂದು ತುಂಡು ಡಬ್ಬಿಯಲ್ಲಿ ಹಾಕಿ, ಈ ಕಡೆ ಬರುವವರ ಕೈಯಲ್ಲಿ ಕಳಿಸು. ನಾನೂ ತಿನ್ನುತ್ತೇನೆ.

ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನ ಕೂಸು ಅಂಜಿಕೆ ಇಲ್ಲದೆ ನೀರು ಕುಡಿಯಲಿ, ಹಾಲು ಕುಡಿಯಲಿ, ಗಿಣ್ಣ ತಿನ್ನಲಿ.

ನಿನ್ನ ಅವ್ವ,
ಸಾವಕ್ಕ